ಸೀಟು ಖಾಲಿಯಿದ್ದರೂ ನಿಂತ ಗಿರಿಜಾ

ನಾನು ನಿವೃತ್ತಳಾದ ಮೇಲೆ ನಮ್ಮ ಉಪಕೇಂದ್ರಕ್ಕೆ ಬಂದ ಹುಡುಗಿ ಒಂದು ದಿನ ಮನೆಗೆ ಬಂದು, ಈ ಕೆಲಸದಲ್ಲಿ ಕಷ್ಟ ಅಂದರೆ ಯಾವುದು ಮೇಡಂ ಎಂದು ಕೇಳಿದಳು. ಹೆರಿಗೆ ಮಾಡಿಸುವುದು ಎನ್ನುತ್ತೇನೆ ಅಂದುಕೊಂಡಿರಬೇಕು. ಹೆರಿಗೆ ಏನಮ್ಮ, ಬಹಳ ಸಲ ಅದು ತಾನಾಗಿಯೇ ಆಗುತ್ತದೆ, ನಾವು ಕೈ ಜೋಡಿಸುತ್ತೇವೆ ಅಷ್ಟೆ. ಕಷ್ಟ ಇರುವುದು ಆಮೇಲೆ. ಮಗು ಅತ್ತಿತು, ಪೇಡೆ ಹಂಚಿದರು, ನಂಟರು ಬಂದು ಹೋದರು. ತಾಯಿಯ ಗಾಯ ಮಾಗಿತೋ ಇಲ್ಲವೋ ಯಾರೂ ಕೇಳುವುದಿಲ್ಲ. ಕೇಳಬೇಕಾದವಳು ನಾನು, ಒಮ್ಮೆ ನಾನೂ ಕೇಳಲಿಲ್ಲ. ಆ ಕತೆಯನ್ನು ಅವಳಿಗೆ ಹೇಳಿದೆ. ಬರೆದಿಡಿ ಮೇಡಂ, ನಮಗೆ ಬೇಕಾಗುತ್ತೆ ಎಂದಳು. ಅದಕ್ಕೇ ಬರೆಯಲು ಕೂತಿದ್ದೇನೆ.

ತೊಂಬತ್ತರ ದಶಕದಲ್ಲಿ ನಾನು ಮೊದಲು ಶಿಕಾರಿಪುರ ತಾಲ್ಲೂಕಿನಲ್ಲೂ ಆಮೇಲೆ ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಉಪಕೇಂದ್ರದಲ್ಲೂ ಎಎನ್‌ಎಂ ಆಗಿದ್ದೆ. ಸರ್ಕಾರದ ಕಾಗದದಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಊರವರ ಬಾಯಲ್ಲಿ ಸಿಸ್ಟರ್, ಮುದುಕಿಯರಿಗೆ ನರ್ಸಮ್ಮ, ನನ್ನ ಹತ್ತಿರ ಬೈಸಿಕೊಂಡವರಿಗೆ ಬಾಯಿಬಡುಕಿ. ಮೂರೂ ಸರಿಯೇ. ಉಪಕೇಂದ್ರ ಎಂದರೆ ಎರಡು ಕೋಣೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಹೆರಿಗೆಯ ಟೇಬಲ್ಲು. ಸೀಮೆಎಣ್ಣೆ ಸ್ಟೌ ಮೇಲೆ ಕತ್ತರಿ, ಸೂಜಿ ಕುದಿಸುತ್ತಿದ್ದೆ. ಆಮೇಲೆ ಅದೇ ಸ್ಟೌ ಮೇಲೆ ನನ್ನ ಅನ್ನವೂ ಬೇಯುತ್ತಿತ್ತು. ಪಾತ್ರೆ ಬೇರೆ ಬೇರೆ, ಮೂಗು ಮುರಿಯಬೇಡಿ.

ನಮ್ಮ ಮೇಲಿನವರಿಗೆ ಆಗ ಬೇಕಿದ್ದದ್ದು ಒಂದೇ, ಕುಟುಂಬ ಯೋಜನೆಯ ಆಪರೇಷನ್ನಿಗೆ ಎಷ್ಟು ಹೆಂಗಸರನ್ನು ಕರೆತಂದೆ ಎನ್ನುವುದು. ತಿಂಗಳ ಮೀಟಿಂಗಿನಲ್ಲಿ ಟಾರ್ಗೆಟ್ ಮುಟ್ಟದವರನ್ನು ಎಬ್ಬಿಸಿ ನಿಲ್ಲಿಸುತ್ತಿದ್ದರು. ಬಾಣಂತಿಯ ಸುದ್ದಿ ಎತ್ತುವವರೇ ಇಲ್ಲ. ಒಬ್ಬ ಸಾಹೇಬರಿದ್ದರು, ಒಳ್ಳೆಯ ಮನುಷ್ಯ. ಅವರ ತಪಾಸಣೆ ಮಾತ್ರ ಪ್ರತಿ ವರ್ಷ ಗುಡವಿ ಕೆರೆಗೆ ಹಕ್ಕಿ ಬರುವ ಹೊತ್ತಿಗೇ ಸರಿಯಾಗಿ ಬೀಳುತ್ತಿತ್ತು. ಜೀಪಿಳಿದು ರಿಜಿಸ್ಟರ್ ತಿರುವುವರು. ಬಾಣಂತಿಯರ ಪುಟದಲ್ಲಿ ಸಾಲಾಗಿ 'ತಾಯಿ ಕ್ಷೇಮ, ಮಗು ಕ್ಷೇಮ' ಎಂದು ಕಂಡರೆ ಹಸಿರು ಇಂಕಿನಲ್ಲಿ ಸಹಿ ಹಾಕಿ, ಈ ಸಲ ಹಕ್ಕಿ ಜಾಸ್ತಿ ಬಂದಿದಾವಂತೆ ಹೌದೇನಮ್ಮ ಎಂದು ಕೇಳುವರು. ನನ್ನ ಅಕ್ಷರ ದುಂಡಗೆ. ಆ ನಾಲ್ಕು ಪದಗಳನ್ನು ಎಷ್ಟು ಸಲ ಬರೆದೆನೋ ದೇವರಿಗೇ ಗೊತ್ತು.

ಇಲ್ಲಿ ಕೆಂಚಮ್ಮನ ಪರಿಚಯ ಮಾಡಿಕೊಡಬೇಕು. ಆಕೆ ನಮ್ಮ ಊರಿನ ಸೂಲಗಿತ್ತಿ, ಕುರಿ ಸಾಕುವ ಮನೆಯವಳು. ಹುಟ್ಟಿದ್ದು ಶಿಕಾರಿಪುರದ ಆಚೆ ಬಯಲುಸೀಮೆಯ ಕಡೆ, ಕೊಟ್ಟದ್ದು ಈ ಕಡೆಗೆ, ಮಾತು ಮಾತ್ರ ಇನ್ನೂ ಆ ಕಡೆಯದೇ. ನಾನು ಬರುವ ಮೊದಲು ಊರಿನ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದ್ದವು. ಇಲಾಖೆಯವರು ಅವಳಿಗೂ ತರಬೇತಿ ಕೊಟ್ಟು ಒಂದು ಡಬ್ಬಿಯ ಕಿಟ್ ಕೊಟ್ಟಿದ್ದರು. ಅದರ ಬ್ಲೇಡು, ದಾರ ಹೆರಿಗೆಗೆ, ಡಬ್ಬಿ ಎಲೆ ಅಡಿಕೆಗೆ. ನನಗೂ ಅವಳಿಗೂ ವಾರಕ್ಕೆ ಎರಡು ಜಗಳ ಆಗದಿದ್ದರೆ ಇಬ್ಬರಿಗೂ ಉಂಡದ್ದು ಅರಗುತ್ತಿರಲಿಲ್ಲ. ಗಾಯಕ್ಕೆ ಬೂದಿ ಹಾಕಬೇಡ ಎಂದು ನಾನು, ಹಾಕಿದರೆ ಒಣಗುತ್ತದೆ ಎಂದು ಅವಳು. ಅದರಲ್ಲಿ ನಾನೇ ಸರಿ, ಅವಳೂ ಕೊನೆಗೆ ಬಿಟ್ಟಳು.

ಅವಳ ಸೊಸೆಗೇ ಒಮ್ಮೆ ನಾನು ಹೆರಿಗೆ ಮಾಡಿಸಿ ಎರಡು ಹೊಲಿಗೆ ಹಾಕಿದ್ದೆ. ಹತ್ತನೇ ದಿನ ನೋಡಲು ಹೋದರೆ ಬಾಣಂತಿ ಮನೆಯಲ್ಲೇ ಇಲ್ಲ. ಹೊಸಬಾಳೆ ಕಡೆ ಯಾರದೋ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಿದ್ದಾರೆ, ಅಲ್ಲಿಗೆ ಹೋಗಿದ್ದಾಳೆ ಎಂದರು. ಉರಿಬಿಸಿಲಲ್ಲಿ ಅಲ್ಲಿಗೂ ಹೋದೆ. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕುರಿ ಹಿಂದೆ ಓಡಾಡುತ್ತಿದ್ದಳು ಮಾರಾಯ್ತಿ. ಕಂಬಳಿ ಮರೆ ಮಾಡಿ ನೋಡಿದರೆ ಎರಡೂ ಹೊಲಿಗೆ ಬಿಟ್ಟು ಗಾಯ ಬಾಯಿ ತೆರೆದಿತ್ತು. ಒಂದು ತಿಂಗಳು ಹಾಸಿಗೆ ಬಿಟ್ಟು ಏಳಕೂಡದು ಎಂದು ಕೂಗಾಡಿದೆ. ಅಲ್ಲೇ ಕೂತಿದ್ದ ಕೆಂಚಮ್ಮ ಎಲೆಗೆ ಸುಣ್ಣ ಹಚ್ಚುತ್ತ, ಹಂಗಾದರೆ ಮಂದೆ ಹಿಂದೆ ನೀವು ಬರ್ತೀರೇನು ಎಂದು ಕೇಳಿದಳು.

ಕೊನೆಗೆ ರಾಜಿಯಾಯಿತು. ಸೊಸೆ ಮಂದೆಯ ಹಿಂದೆ ಹೋಗುವಂತಿಲ್ಲ, ಹಟ್ಟಿಯಲ್ಲಿ ಮರಿಗಳನ್ನು ನೋಡಿಕೊಂಡಿರಬೇಕು. ದಿನಕ್ಕೆ ಎರಡು ಸಲ ಉಗುರುಬೆಚ್ಚಗಿನ ಉಪ್ಪುನೀರಿನ ಬೋಗುಣಿಯಲ್ಲಿ ಕೂರಬೇಕು. ನಾನು ಮತ್ತೆ ಹೊಲಿಯಲು ಹೋಗಲಿಲ್ಲ. ನಾಲ್ಕು ವಾರ ಹಿಡಿಯಿತು, ಗಾಯ ಒಳಗಿನಿಂದ ತುಂಬಿಕೊಂಡು ಬಂದು ಮುಚ್ಚಿತು. "ತಳದಿಂದ ತುಂಬ್ಕೊಂಡು ಬಂತು ನೋಡ್ರಿ, ಇದು ಗಟ್ಟಿ. ನಮ್ಮ ಕುರಿಗಳಿಗೂ ಹಿಂಗ ಆಗಬೇಕು. ಮ್ಯಾಲ ಮುಚ್ಚಿ ಒಳಗ ಹಂಗೇ ಉಳದಿದ್ದು ಉಪಯೋಗಿಲ್ಲ," ಎಂದಳು ಕೆಂಚಮ್ಮ. ಕುರಿ ನೋಡಿ ಕಲಿತದ್ದನ್ನು ನನಗೆ ಹೇಳಲು ಬಂದಳಲ್ಲ ಎಂದು ನಗು ಬಂತು. ಆ ಮಾತನ್ನು ಆವತ್ತೇ ಸರಿಯಾಗಿ ಕೇಳಿಸಿಕೊಂಡಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಗಿರಿಜಾ ನಮ್ಮ ಉಪಕೇಂದ್ರದ ಊರಿನದೇ ಹುಡುಗಿ, ಲಿಂಗಾಯತರ ಬೇಸಾಯದ ಮನೆಯ ಒಬ್ಬಳೇ ಮಗಳು. ಶಿರಾಳಕೊಪ್ಪಕ್ಕೆ ಕೊಟ್ಟಿದ್ದರು. ಗಂಡ ಬಸವರಾಜನದು ಅಲ್ಲಿ ಕಾಳುಕಡಿಯ ಅಂಗಡಿ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಮಧ್ಯಾಹ್ನ ನೋವು ಶುರುವಾಗಿ ಅವಳ ತಾಯಿ ಪಾರ್ವತಮ್ಮ ಉಪಕೇಂದ್ರಕ್ಕೆ ಕರೆತಂದರು. ಧೈರ್ಯಕ್ಕಿರಲಿ ಎಂದು ಕೆಂಚಮ್ಮನನ್ನೂ ಜೊತೆಗೆ ಕರೆತಂದಿದ್ದರು. ನನ್ನ ಮೇಲೆ ನಂಬಿಕೆ ಅಷ್ಟು.

ಮಗು ದಪ್ಪ ಇತ್ತು, ನಾನು ಅವಸರ ಮಾಡಿದೆ. ಮುಕ್ಕು, ಮುಕ್ಕು ಎಂದು ಬೆನ್ನು ಹತ್ತಿದೆ. ತಲೆ ಒಮ್ಮೆಲೇ ಬಂತು. ಗಂಡು ಮಗು, ಊರಿಗೆಲ್ಲ ಕೇಳುವ ಹಾಗೆ ಅತ್ತಿತು. ತಾಯಿಗೆ ಹರಿದಿತ್ತು. ಎಲ್ಲಿಯವರೆಗೆ ಹರಿದಿದೆ ಎಂದು ಬೆರಳಿಟ್ಟು ನೋಡಬೇಕಿತ್ತು, ಹಿಂಭಾಗದಲ್ಲಿ ಗುದವನ್ನು ಬಿಗಿಹಿಡಿಯುವ ಸ್ನಾಯು ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡಬೇಕಿತ್ತು. ಅದು ಹರಿದಿದ್ದರೆ ನಾನು ಸೂಜಿ ಮುಟ್ಟುವಂತೆಯೇ ಇಲ್ಲ, ದೊಡ್ಡಾಸ್ಪತ್ರೆಗೆ ಕಳಿಸಬೇಕು. ಯಾವುದನ್ನೂ ನೋಡಲಿಲ್ಲ. ನನಗೆ ನನ್ನ ಹೊಲಿಗೆಯ ಮೇಲೆ ಜಂಬ. ಚಿಕ್ಕವಳಿದ್ದಾಗ ಅಮ್ಮನ ಹತ್ತಿರ ಕಸೂತಿ ಕಲಿತವಳು ನಾನು. ಒತ್ತೊತ್ತಾಗಿ ಹೊಲಿದು, ದಾರ ಕತ್ತರಿಸಿ, ಎಲ್ಲಿ ಹರಿದಿತ್ತು ತೋರಿಸು ನೋಡೋಣ ಎಂದು ಕೆಂಚಮ್ಮನಿಗೆ ಸವಾಲು ಹಾಕಿದೆ.

ಅವಳು ಬಗ್ಗಿ ಸ್ವಲ್ಪ ಹೊತ್ತು ನೋಡಿದಳು. "ಮ್ಯಾಲ ಚೆಂದ ಹೊಲ್ದೀರಿ ಸಿಸ್ಟರ್. ಒಳಗ ಇನ್ನೊಮ್ಮಿ ನೋಡ್ರಿ. ಭಾಳ ಕೆಳಗ ಹರದಂಗ ಕಾಣ್ತು ನನಗ."

"ಇದು ನಿನ್ನ ಕುರಿ ಅಲ್ಲ ಕೆಂಚಮ್ಮ," ಎಂದೆ.

ಅವಳು ಕೂಸಿಗೆ ಬಟ್ಟೆ ಸುತ್ತಿ ಎತ್ತಿಕೊಂಡು ಹೊರಗೆ ಹೋದಳು.

ಮೂರನೇ ದಿನ ಮನೆಗೆ ಹೋಗಿ ನೋಡಿದೆ. ಹೊಲಿಗೆ ಚೆನ್ನಾಗಿತ್ತು, ಬಾವು ಸ್ವಲ್ಪ ಇತ್ತು. ಚೆನ್ನಾಗಿದೆ ಕಣೇ ಎಂದು ಗಿರಿಜಾಳಿಗೂ ಹೇಳಿದೆ. ಏಳನೇ ದಿನ ಹೋದಾಗ ಬಾಣಂತಿ ಎಣ್ಣೆನೀರು ಮುಗಿಸಿ ಕಂಬಳಿ ಹೊದ್ದು ಬೆವರಲು ಮಲಗಿದ್ದಳು, ಮಂಚದ ಕೆಳಗೆ ಕೆಂಡದ ಬಾಣಲೆ. ಬೆವರು ಆರುವ ಮೊದಲು ಹೊದಿಕೆ ತೆಗೆದರೆ ಶೀತ ಹೊಗುತ್ತದೆ ಎಂದು ಪಾರ್ವತಮ್ಮ ಬಾಗಿಲಿಗೆ ಅಡ್ಡ ನಿಂತರು. ನಾನು ಹೊಸ್ತಿಲಾಚೆಯಿಂದಲೇ ಹೇಗಿದೀಯಾ ಎಂದೆ. ಒಳಗಿನ ಕತ್ತಲೆಯಿಂದ ಚೆನ್ನಾಗಿದೀನಿ ಸಿಸ್ಟರ್ ಎಂದು ಬಂತು. ಬಾಣಂತಿಗೆ ನೀರು ಕೊಡದೆ ಕಟ್ಟಿಹಾಕಿದ್ದೀರಿ, ಮಲ ಗಟ್ಟಿಯಾಗಿ ಹೊಲಿಗೆ ಕಿತ್ತರೆ ನನ್ನನ್ನು ಕೇಳಬೇಡಿ ಎಂದು ಪಾರ್ವತಮ್ಮನಿಗೆ ಬೈದೆ. ಅವರು ಕೊಟ್ಟ ಬೆಲ್ಲದ ಕಾಫಿ ಕುಡಿದೆ. ಬೈದದ್ದು ಸರಿ, ನೋಡದೆ ಬಂದದ್ದು ತಪ್ಪು. ಆಮೇಲಿನ ಭೇಟಿಗಳೂ ಹೀಗೇ ಹೊಸ್ತಿಲಲ್ಲೇ ಮುಗಿದವು. ರಿಜಿಸ್ಟರಿನಲ್ಲಿ ದುಂಡಗೆ ಬರೆದೆ, ತಾಯಿ ಕ್ಷೇಮ.

ಐದನೇ ತಿಂಗಳಿಗೆ ತೊಟ್ಟಿಲು ಕೊಟ್ಟು ಮಗಳನ್ನು ಗಂಡನ ಮನೆಗೆ ಕಳಿಸುವುದು ಅವರ ಪದ್ಧತಿ. ತೊಟ್ಟಿಲಿಗೆ ಬಣ್ಣ ಬಳಿಸಿ ಜಗಲಿಯ ಮೇಲೆ ಇಟ್ಟಿದ್ದರು. ಗಿರಿಜಾ ಹೊರಡಲಿಲ್ಲ. ಮೊದಲು ಮಗುವಿಗೆ ಕೆಮ್ಮು ಎಂದಳು. ಆಮೇಲೆ ಆಷಾಢ ಬಂತು. ಶ್ರಾವಣದಲ್ಲಿ ಬಸವರಾಜ ತಾನೇ ಕರೆಯಲು ಬಂದರೆ ಹಿತ್ತಲಿಂದ ಮುಂದಕ್ಕೇ ಬರಲಿಲ್ಲವಂತೆ. ಇನ್ನೊಂದು ಸಲವೂ ಬಂದು ಬರಿಗೈಯಲ್ಲಿ ಹೋದ. ಗಂಡನಲ್ಲಿ ಏನೋ ಐಬಿದೆ, ಇಲ್ಲ ಇವಳ ಮನಸ್ಸಿನಲ್ಲೇ ಬೇರೆ ಏನೋ ಇದೆ ಎಂದು ಊರಲ್ಲಿ ಮಾತು ಶುರುವಾಯಿತು. ಬಾವಿಕಟ್ಟೆಯಲ್ಲಿ ಅದು ನನ್ನ ಕಿವಿಗೂ ಬಿತ್ತು. ಈಗಿನ ಹುಡುಗಿಯರಿಗೆ ಹಟ ಜಾಸ್ತಿ ಎಂದು ನಾನೂ ಒಂದು ಮಾತು ಸೇರಿಸಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಹೀಗಿರುವಾಗ ಒಂದು ಬೆಳಿಗ್ಗೆ ಸೊರಬದಿಂದ ಶಿರಾಳಕೊಪ್ಪಕ್ಕೆ ಹೋಗುವ ಬಸ್ಸು ಹತ್ತಿದೆ. ಸಂತೆಯ ದಿನವಲ್ಲ, ಬಸ್ಸು ಅರ್ಧ ಖಾಲಿ. ಮುಂದಿನ ಸೀಟಿನಲ್ಲಿ ಪಾರ್ವತಮ್ಮ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಅವರ ಪಕ್ಕದ ಜಾಗ ಖಾಲಿ. ಗಿರಿಜಾ ಕಂಬಿ ಹಿಡಿದು ನಿಂತಿದ್ದಳು. ಸೀಟು ಐತಲ್ಲಮ್ಮ, ಕೂತ್ಕೊಳ್ಳಿ ಎಂದು ಕಂಡಕ್ಟರ್ ಎರಡು ಸಲ ಹೇಳಿದ. "ಇರ್ಲಿ ಬಿಡ್ರಿ," ಎಂದಳು.

ಆ ಖಾಲಿ ಜಾಗದಲ್ಲಿ ನಾನು ಕೂತೆ. ಪಾರ್ವತಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು ಎಲ್ಲ ಹೇಳಿದರು. ಇವತ್ತು ಬೀಗರ ಮನೆಯಲ್ಲಿ ಹಿರಿಯರು ಕೂರುತ್ತಾರೆ. ಇವಳು ಬಾಳುತ್ತಾಳೋ ಇಲ್ಲವೋ ಇವತ್ತೇ ಇತ್ಯರ್ಥವಾಗಬೇಕು. ಬಾಳುವುದಿಲ್ಲ ಎಂದರೆ ಅವರು ಬೇರೆ ಹೆಣ್ಣು ನೋಡುತ್ತಾರೆ. ಕಾರಣ ಏನು ಎಂದು ತಾಯಿಗೂ ಬಾಯಿ ಬಿಟ್ಟಿಲ್ಲ.

ನಾನು ಅವರ ಮಾತು ಕೇಳುತ್ತ ಗಿರಿಜಾಳನ್ನೇ ನೋಡುತ್ತಿದ್ದೆ. ರಸ್ತೆಯಲ್ಲಿ ಗುಂಡಿ ಬಂದಾಗಲೆಲ್ಲ ಎರಡೂ ಕಾಲು ಒತ್ತಿ ಹಿಡಿದು, ಕಣ್ಣು ಮುಚ್ಚಿ, ಉಸಿರು ಕಟ್ಟುತ್ತಿದ್ದಳು. ಎಲ್ಲರಿಂದ ದೂರ, ತೆರೆದ ಕಿಟಕಿಯ ಪಕ್ಕ ನಿಂತಿದ್ದಳು. ಮುಡಿಯ ತುಂಬ ಮಲ್ಲಿಗೆ, ಮೈತುಂಬ ಪೌಡರಿನ ವಾಸನೆ. ಮಗು ಅತ್ತಾಗಲೂ ಕೂತು ಹಾಲು ಕೊಡಲಿಲ್ಲ. ಒಳಗ ಇನ್ನೊಮ್ಮಿ ನೋಡ್ರಿ ಎಂದಿದ್ದ ಕೆಂಚಮ್ಮನ ಮಾತು ನೆನಪಿಗೆ ಬಂತು.

ಬಸ್ಸಿಳಿದ ಮೇಲೆ ಪಾರ್ವತಮ್ಮನನ್ನೂ ಮಗುವನ್ನೂ ಒಂದು ಹೋಟೆಲಿನಲ್ಲಿ ಕೂರಿಸಿ, ಅಲ್ಲೇ ಹತ್ತಿರ ಬಾಡಿಗೆಗಿದ್ದ ನನ್ನ ಗೆಳತಿಯೊಬ್ಬಳ ಮನೆಗೆ ಗಿರಿಜಾಳನ್ನು ಕರೆದುಕೊಂಡು ಹೋದೆ. ಬಾಗಿಲು ಹಾಕಿ, ಏನಾಗ್ತಿದೆ ಹೇಳು ಎಂದೆ. ಅವಳು ಗೋಡೆ ನೋಡಿಕೊಂಡು ಹೇಳಿದಳು.

"ಗಾಳಿ ತಡೆಯಕ್ಕಾಗಲ್ಲ ಸಿಸ್ಟರ್. ಹೊಟ್ಟೆ ಒಂಚೂರು ಕೆಟ್ರೆ ಸೀರೆಗೇ ಆಗ್ತೈತೆ. ಏಳು ತಿಂಗಳಾತು, ಲಿಂಗ ಕೈಗೆ ತಗಂಡಿಲ್ಲ. ಕೊರಳಾಗೈತೆ ಅಷ್ಟೇ. ಅಲ್ಲಿ ಮಾವನೋರ ಪಕ್ಕ ಪೂಜೆಗೆ ಹೆಂಗೆ ಕೂರ್ಲಿ?"

ಅವಳ ಗಂಡನ ಮನೆಯ ನಡವಳಿಕೆ ನನಗೂ ಗೊತ್ತಿತ್ತು. ಬೆಳಿಗ್ಗೆ ಸ್ನಾನ ಮಾಡಿ ಎಲ್ಲರೂ ಸಾಲಾಗಿ ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡಬೇಕು. ಅದಾಗದೆ ಆ ಮನೆಯಲ್ಲಿ ಯಾರೂ ತೊಟ್ಟು ನೀರು ಕುಡಿಯುವುದಿಲ್ಲ. ಆ ಸಾಲಿನಲ್ಲಿ ಕೂತಾಗ ಮೈ ಹಿಡಿತ ತಪ್ಪಿದರೆ ಎನ್ನುವುದೇ ಅವಳ ಹೆದರಿಕೆ. ಅದಕ್ಕೆ ಗಂಡನನ್ನೇ ಬಿಡಲು ತಯಾರಾಗಿದ್ದಳು. ಮೊದಲೇ ಯಾಕೆ ಹೇಳಲಿಲ್ಲ ಎಂದೆ. "ನೀವು ಚೆನ್ನಾಗೈತೆ ಅಂದಿದ್ರಲ್ಲ. ಎಲ್ರಿಗೂ ಹಿಂಗೇ ಆಗ್ತೈತೇನೋ ಅನ್ಕಂಡೆ," ಎಂದಳು.

ಪರೀಕ್ಷೆ ಮಾಡಿದೆ. ಮೇಲಿನ ಚರ್ಮ ಗೆರೆ ಕೂಡ ಕಾಣದ ಹಾಗೆ ಕೂಡಿತ್ತು. ಒಳಗಿನ ಸ್ನಾಯುವಿನ ಎರಡು ತುದಿಗಳು ಅತ್ತೊಂದು ಇತ್ತೊಂದು ಉಳಿದಿದ್ದವು. ಕೈ ತೊಳೆದು ಬಂದು ಅವಳ ಪಕ್ಕ ಕೂತು, ತಪ್ಪು ನನ್ನದು ಕಣೇ, ಇದಕ್ಕೆ ಆಪರೇಷನ್ ಇದೆ, ವಾಸಿಯಾಗುತ್ತೆ ಎಂದೆ. ಅವಳು ಬಹಳ ಹೊತ್ತು ಅತ್ತಳು. ಗಂಡಸರ ಮುಂದೆ ಮಾತ್ರ ಈ ವಿಷಯ ಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಗಂಡನಿಗೆ ಹೇಳದಿದ್ದರೆ ಹೇಗೆ ಎಂದಾಗ, ಅವರಿಗೆ ಒಬ್ಬರಿಗೆ ಹೇಳಿ ಎಂದಳು.

ಬೀಗರ ಮನೆಯ ನಡುಮನೆಯಲ್ಲಿ ನಾಲ್ಕು ಜನ ಹಿರಿಯರು ಕೂತಿದ್ದರು. ನಾನು ನೆಟ್ಟಗೆ ಅಡಿಗೆಮನೆಗೆ ನಡೆದು, ಗಿರಿಜಾಳ ಅತ್ತೆಯನ್ನೂ ಬಸವರಾಜನನ್ನೂ ಅಲ್ಲಿಗೆ ಕರೆದೆ.

"ಇವಳು ನಿಮ್ಮ ಮನೆ ಬೇಡ ಅಂದಿಲ್ಲ. ಹೆರಿಗೇಲಿ ಆದ ಗಾಯ ಇನ್ನೂ ಮಾಗಿಲ್ಲ. ಹೊಲಿದವಳು ನಾನು, ಒಳಗಿನದು ಬಿಟ್ಟವಳೂ ನಾನು. ದೂರು ಕೊಡೋದಿದ್ರೆ ನನ್ನ ಮೇಲೆ ಕೊಡಿ."

ಏನಾಗುತ್ತಿದೆ ಎಂಬುದನ್ನೂ ಬಿಡಿಸಿ ಹೇಳಿದೆ. ಬಸವರಾಜ ಕಡಿಮೆ ಮಾತಿನವನು. ತಲೆ ತಗ್ಗಿಸಿ ನಿಂತ ಹೆಂಡತಿಯನ್ನು ಒಮ್ಮೆ ನೋಡಿ, "ವಾಸಿ ಆಗ್ತೈತೇನ್ರಿ?" ಎಂದು ಕೇಳಿದ. ಆಗುತ್ತದೆ, ತಡವಾಗುತ್ತದೆ ಎಂದೆ. "ತಡ ಆದ್ರ ಆಗ್ಲಿ," ಎಂದವನೇ ನಡುಮನೆಗೆ ಹೋಗಿ, ನಮ್ಮ ಮನೆಯಾಕಿಗೆ ಹುಷಾರಿಲ್ಲ, ದವಾಖಾನಿಗೆ ಹೋಗಬೇಕಾಗೈತಿ, ನೀವು ಚಾ ಕುಡಿದು ಹೊರಡ್ರಿ ಎಂದು ಹಿರಿಯರನ್ನು ಎಬ್ಬಿಸಿಬಿಟ್ಟ. ಇತ್ಯರ್ಥ ಮಾಡಲು ಬಂದವರು ಚಾ ಕುಡಿದು ಹೊರಟರು.

ಅತ್ತೆ ಒಲೆಯ ಹತ್ತಿರವೇ ನಿಂತಿದ್ದರು. ಎಲ್ಲರೂ ಆಚೆ ಹೋದ ಮೇಲೆ ನನ್ನ ಹತ್ತಿರ ಸರಿದು, ಕೊನೆಯ ಹೆರಿಗೆಯಾದಾಗಿನಿಂದ ತನಗೂ ಕೆಮ್ಮಿದರೆ ಉಚ್ಚೆ ನಿಲ್ಲುವುದಿಲ್ಲ, ಅದಕ್ಕೂ ಏನಾದರೂ ಔಷಧ ಇದೆಯೇ ಎಂದು ಪಿಸುಗುಟ್ಟಿದರು. ಆ ಕೊನೆಯ ಕೂಸು ಈಗ ಎಷ್ಟು ದೊಡ್ಡದು ಎಂದು ಕೇಳಿದೆ. ಹೊರಗೆ ಹೋದನಲ್ಲ, ಅವನೇ ಬಸವರಾಜ ಎಂದರು.

ಮರುದಿನ ನಮ್ಮ ಉಪಕೇಂದ್ರದ ಮೇಲಿನ ಆರೋಗ್ಯ ಕೇಂದ್ರದ ಲೇಡಿ ಡಾಕ್ಟರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಗಿರಿಜಾಳನ್ನು ಪರೀಕ್ಷೆ ಮಾಡಿ ಬಂದು, "ಹೊಲಿಗೆ ನೋಡೋಕೆ ಚೆನ್ನಾಗಿದೆ. ನೀನು ಬ್ಲೌಸ್ ಹೊಲಿ," ಎಂದರು. ಅಷ್ಟು ಸಾಕಾಯಿತು, ಅಲ್ಲೇ ಅತ್ತುಬಿಟ್ಟೆ. ಆಮೇಲೆ ಕುರ್ಚಿ ಎಳೆದು ಕೂರಿಸಿ, ಚೀಟಿಯ ಮೇಲೆ ಸ್ನಾಯುವಿನ ಚಿತ್ರ ಬರೆದು, ಬೆರಳಿಟ್ಟು ಹೇಗೆ ಪತ್ತೆ ಮಾಡಬೇಕು ಎಂದು ಮಗ್ಗಿ ಕಲಿಸುವ ಹಾಗೆ ಕಲಿಸಿದರು. ಮೆಮೋವನ್ನೂ ಕೊಟ್ಟರು. ಆರು ತಿಂಗಳು ವಾರಕ್ಕೊಮ್ಮೆ ಅವರ ಹೆರಿಗೆ ಕೋಣೆಯಲ್ಲಿ ಪಕ್ಕದಲ್ಲಿ ನಿಂತು ಕಲಿಯಬೇಕು, ಅಲ್ಲಿಯವರೆಗೆ ನಾನು ಸೂಜಿ ಮುಟ್ಟಬಾರದು ಎಂದು ಶಿಕ್ಷೆ. ನಾನು ಕಂಡ ಮೇಲಧಿಕಾರಿಗಳಲ್ಲಿ ಬೈದು ಬಿಡದೆ, ಬೈದು ಕಲಿಸಿದವರು ಅವರೊಬ್ಬರೇ.

ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಒಳಗಿನ ಸ್ನಾಯುವನ್ನು ಹುಡುಕಿ ತೆಗೆದು ಕೂಡಿಸಿದರು. ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಒಂದೇ: ಮಲ ಗಟ್ಟಿಯಾಗಕೂಡದು, ನೀರು ಚೆನ್ನಾಗಿ ಕುಡಿಸಿ. ಪಾರ್ವತಮ್ಮ ತವರಿನಲ್ಲಿ ಮತ್ತೆ ಬಾಣಂತನದ ಕೋಣೆ ಸಜ್ಜು ಮಾಡಿದ್ದರು. ಅನ್ನ, ಮೆಣಸಿನ ಪುಡಿ, ಬೆಳ್ಳುಳ್ಳಿ ಸರಿ. ನೀರು ಮಾತ್ರ ಹೊತ್ತಿಗೆ ಅರ್ಧ ಲೋಟ. ನಾನು ಬೈದೆ, ಬೇಡಿಕೊಂಡೆ, ಡಾಕ್ಟರ ಚೀಟಿ ತೋರಿಸಿದೆ. ಹಸಿ ಗಾಯದವಳಿಗೆ ನೀರು ಕುಡಿಸಿದರೆ ಮೈಯೆಲ್ಲ ನೀರಾಗುತ್ತದೆ ಎಂದು ಅವರು ಜಪ್ಪಯ್ಯ ಎನ್ನಲಿಲ್ಲ.

ಗತಿಯಿಲ್ಲದೆ ಕೆಂಚಮ್ಮನ ಹಟ್ಟಿಗೆ ಹೋದೆ. ಅವಳು ಕುರಿಯ ಗೊರಸು ಕೆತ್ತುತ್ತಿದ್ದಳು. ನೀನು ಆವತ್ತು ಹೇಳಿದ್ದು ಸರಿ, ನಾನು ಕೇಳಲಿಲ್ಲ ಎಂದೆ. ಅವಳು ತಲೆಯೆತ್ತದೆ, "ಈಗ ಕುರಿ ಬೇಕಾತೇನ್ರಿ?" ಎಂದು ಕೇಳಿ, ನಕ್ಕು, ಕೈ ತೊಳೆದುಕೊಂಡು ನನ್ನ ಜೊತೆಗೇ ಹೊರಟಳು. ಪಾರ್ವತಮ್ಮನ ಅಡಿಗೆಮನೆ ಹೊಕ್ಕು, ದೊಡ್ಡ ಪಾತ್ರೆಯ ತುಂಬ ನೀರು ಇಟ್ಟು, ಒಂದು ಚಿಟಿಕೆ ಜೀರಿಗೆ ಹಾಕಿ ಕುದಿಸಿದಳು. ಇದು ಕಷಾಯ, ಒಳಗಿನ ಹೊಲಿಗೆಗೆ ನಮ್ಮ ಕಡೆಯ ಮದ್ದು, ಗಂಟೆಗೊಂದು ಲೋಟ ತಪ್ಪಬಾರದು ಎಂದಳು. ಪಾರ್ವತಮ್ಮ ಭಯಭಕ್ತಿಯಿಂದ ಗಂಟೆಗೊಂದು ಲೋಟ ಕುಡಿಸಿದರು. ನೀರು ಕೊಡುವುದಿಲ್ಲ ಎಂದಿದ್ದವರೇ ದಿನಕ್ಕೆ ಮೂರು ಚೊಂಬು ಇಳಿಸಿದರು. ಇಪ್ಪತ್ತು ಸಲ ಬೈದು ನನಗೆ ಆಗದ್ದು ಅವಳಿಗೆ ಒಂದು ಚಿಟಿಕೆ ಜೀರಿಗೆಯಲ್ಲಿ ಆಯಿತು. ಅಲ್ಲಿಂದ ಮುಂದೆ ನಮ್ಮ ಸುತ್ತಿನ ಬಾಣಂತಿಯರಿಗೆಲ್ಲ ನಾನು ಆ ಕಷಾಯವನ್ನೇ ಹೇಳಿದೆ.

ವಾಸಿಯಾಗುವುದು ಸುಲಭವಾಗಲಿಲ್ಲ. ಎರಡು ದಿನ ಮುಂದಕ್ಕೆ ಹೋದರೆ ಒಂದು ದಿನ ಹಿಂದಕ್ಕೆ. ಹತ್ತನೇ ದಿನಕ್ಕೆ ಒಂದು ಹೊಲಿಗೆ ಕೀವಾಗಿ ಜ್ವರ ಬಂತು. ಗಿರಿಜಾ ಗೋಡೆಯ ಕಡೆ ಮುಖ ಮಾಡಿ ಮಲಗಿದಳು, ಇದು ತನ್ನ ಹಣೆಬರಹ, ಬಿಟ್ಟುಬಿಡಿ ಎಂದಳು. ಮತ್ತೆ ಶಿವಮೊಗ್ಗ, ಮತ್ತೆ ಸೂಜಿ ಮಾತ್ರೆ, ಮತ್ತೆ ಉಪ್ಪುನೀರು. ಪುಣ್ಯಕ್ಕೆ ಒಳಗಿನ ಹೊಲಿಗೆ ಹಿಡಿದಿತ್ತು. ಬಸವರಾಜ ವಾರಕ್ಕೊಂದು ದಿನ ಅಂಗಡಿ ಬಿಟ್ಟು ಬಸ್ಸಿನಲ್ಲಿ ಬಂದು, ಆ ಬಣ್ಣ ಬಳಿದ ತೊಟ್ಟಿಲಿನ ಪಕ್ಕ ಮಗನನ್ನು ಆಡಿಸುತ್ತ ಕೂತು ಹೋಗುತ್ತಿದ್ದ. ಹಣ್ಣು ತಿಂದರೆ ಒಳ್ಳೆಯದು ಎಂದು ನಾನು ಬಾಯಿತಪ್ಪಿ ಪರಂಗಿ ಹಣ್ಣಿನ ಹೆಸರು ಹೇಳಿದ್ದೆ. ಪ್ರತಿ ವಾರ ಕೈಚೀಲದ ತುಂಬ ಅದೇ. ಕೊನೆಗೆ ಕೆಂಚಮ್ಮನ ಕುರಿಗಳೂ ಪರಂಗಿ ಸಿಪ್ಪೆ ಕಂಡರೆ ಮುಖ ತಿರುಗಿಸುತ್ತಿದ್ದವು.

ಗಾಯ ಆರಿದ ಮೇಲೆ ಸ್ನಾಯುವಿಗೆ ಬಲ ಬರಬೇಕು. ಗಾಳಿ ತಡೆಯುವ ಹಾಗೆ ಬಿಗಿಹಿಡಿದು ಎಣಿಸಬೇಕು, ಸಡಿಲ ಬಿಡಬೇಕು, ದಿನಕ್ಕೆ ಹಲವು ಸಲ. ಮೊದಲ ದಿನಗಳಲ್ಲಿ ಎರಡು ಎಣಿಸುವಷ್ಟರಲ್ಲಿ ಹಿಡಿತ ಬಿಟ್ಟುಹೋಗುತ್ತಿತ್ತು. ಒಂದು ದಿನ ನೋಡಿದರೆ ಅವಳ ತುಟಿ ಆಡುತ್ತಿದೆ. ಏನೇ ಅದು ಎಂದೆ. ಎಣಿಸುವ ಬದಲು ಓಂ ನಮಃ ಶಿವಾಯ ಹೇಳ್ಕೊಳ್ತೀನಿ, ಲಿಂಗ ಕೈಗೆ ತಗೊಳ್ಳದಿದ್ದರೂ ಬಾಯಲ್ಲಿ ಹೇಳಬಹುದಲ್ಲ ಎಂದಳು. ಒಂದು ಸಲ ಹೇಳುವಷ್ಟು ಹಿಡಿದಳು, ವಾರ ಕಳೆದು ಎರಡು ಸಲ, ತಿಂಗಳು ಕಳೆದು ಐದು ಸಲ. ನಾಲ್ಕನೇ ತಿಂಗಳಿಗೆ, ಹತ್ತಾಯ್ತು ಸಿಸ್ಟರ್ ಎಂದು ಬಾಗಿಲಲ್ಲೇ ಹೇಳಿದಳು. ತೊಟ್ಟಿಲು ಬಸ್ಸಿನ ಮೇಲೇರಿತು. ಅದರಲ್ಲಿ ಮಲಗಬೇಕಾದವನು ಆಗಲೇ ಎದ್ದು ನಿಲ್ಲಲು ಕಲಿತಿದ್ದ.

ಅಲ್ಲಿಂದ ಮುಂದೆ ನನ್ನ ಭೇಟಿಯ ರೀತಿ ಬದಲಾಯಿತು. ಹೇಗಿದೀಯಾ ಎಂದು ಕೇಳುವುದನ್ನು ಬಿಟ್ಟೆ. ಎಣ್ಣೆನೀರಿನ ಮೊದಲೇ ಹೋಗಿ, ನಾನೇ ಚಾಪೆ ಹಾಸಿ ಕೂತು, ಬಾ ಪಕ್ಕದಲ್ಲಿ ಕೂತ್ಕೋ ಎನ್ನುತ್ತಿದ್ದೆ. ಹೆಂಗಸು ಕೂರುವ ರೀತಿ, ಏಳುವ ರೀತಿ ಬಾಯಿ ಹೇಳದ್ದನ್ನು ಹೇಳುತ್ತದೆ. ಆಮೇಲೆ ತಾಯಿ, ಅತ್ತೆ ಯಾರಿದ್ದರೂ ಆಚೆ ಕಳಿಸಿ, ಗಾಳಿ, ಮಲ, ಮೂತ್ರ ಮೂರನ್ನೂ ಹೆಸರಿಟ್ಟು ಕೇಳಿ, ಕಣ್ಣಾರೆ ನೋಡುತ್ತಿದ್ದೆ. ಆಚೆ ಕಳಿಸಿದ ಅತ್ತೆಯರನ್ನೂ ಬಿಡುತ್ತಿರಲಿಲ್ಲ. ಎಷ್ಟೋ ವರ್ಷದ್ದನ್ನು ಒಳಗಿಟ್ಟುಕೊಂಡವರು ಹೊರಗೆ ಹಾಕಿದರು. ರಿಜಿಸ್ಟರಿನಲ್ಲಿ 'ಕೂತಳು, ಎದ್ದಳು, ನೋಡಿದೆ' ಎಂದು ಬರೆದೆ. ಹಕ್ಕಿಯ ಕಾಲಕ್ಕೆ ಬಂದ ಸಾಹೇಬರು, ಇದೇನಮ್ಮ, ಕೂತಳು ಎದ್ದಳು ಎಂದು ನಕ್ಕರು. ಬಿಡಿಸಿ ಹೇಳಿದೆ. ಅವರ ಕಿವಿ ಕೆಂಪಾಗಿ, ಬೇಗ ಸಹಿ ಹಾಕಿ ಗುಡವಿಗೆ ಹೋದರು. ಮುಂದಿನ ಮೀಟಿಂಗಿನಲ್ಲಿ ಮಾತ್ರ ಎಲ್ಲ ಸಿಸ್ಟರುಗಳಿಗೂ, ಬಾಣಂತಿಯನ್ನು ಹೊಸ್ತಿಲಿಂದ ನೋಡಿ ಬರಬೇಡಿ, ಕೂರಿಸಿ ನೋಡಿ ಎಂದು ಹೇಳಿದರು. ಅವರು ಒಳ್ಳೆಯ ಮನುಷ್ಯ ಎಂದು ಮೊದಲೇ ಹೇಳಿದೆನಲ್ಲ.

ಗಿರಿಜಾ ಹೋಗಿ ಒಂದು ತಿಂಗಳಾದ ಮೇಲೆ, ಒಂದು ಸೋಮವಾರ ಬೆಳಿಗ್ಗೆ ಶಿರಾಳಕೊಪ್ಪದ ಆ ಮನೆಗೆ ಹೋದೆ. ತಮ್ಮ ಪೂಜೆ ಮೊದಲೇ ಮುಗಿಸಿದ್ದ ಅತ್ತೆ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು, ಪೂಜೆ ನಡದೈತಿ ಎಂದು ಸನ್ನೆ ಮಾಡಿ, ಒಂದು ಕುರ್ಚಿ ತಂದು ಹಾಕಿದರು. ನಾನು ಅದರ ಬೆನ್ನು ಹಿಡಿದು ನಿಂತೇ ನೋಡಿದೆ. ನಡುಮನೆಯಲ್ಲಿ ಮಾವ, ಬಸವರಾಜ, ಅವನ ಪಕ್ಕದಲ್ಲಿ ಗಿರಿಜಾ ಸಾಲಾಗಿ ಕೂತಿದ್ದರು. ಗಿರಿಜಾ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಎಡಗೈಯ ಮೇಲೆ ಲಿಂಗ. ಮಗ ತಪ್ಪುಹೆಜ್ಜೆ ಇಡುತ್ತ ಬಂದು ಅವಳ ಬೆನ್ನಿಗೆ ಜೋತುಬಿದ್ದ, ಹೆಗಲು ಹಿಡಿದು ಜಗ್ಗಿದ. ಅವಳು ಅಲುಗಲಿಲ್ಲ.

ಪೂಜೆ ಮುಗಿಸಿ ಲಿಂಗವನ್ನು ಕಣ್ಣಿಗೊತ್ತಿಕೊಂಡು ತಿರುಗಿದವಳು ನನ್ನನ್ನು ನೋಡಿದಳು. ಎದ್ದು ಬರಲಿಲ್ಲ, ಕೂತಲ್ಲಿಂದಲೇ ನಕ್ಕಳು.

"ಕುರ್ಚಿ ಐತಲ್ಲ ಸಿಸ್ಟರ್. ಯಾಕೆ ನಿಂತೇ ಇದೀರಾ?"

"ಇರ್ಲಿ ಬಿಡೇ," ಎಂದೆ.